ಮಾರ್ಚಿನ ದುಡ್ಡು, ಜನವರಿಯ ಉದ್ರಿ

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ 31 ವರ್ಷ ಲೆಕ್ಕಪತ್ರ ನೋಡಿದೆ. ಕೊನೆಯ ಒಂಬತ್ತು ವರ್ಷ ಹಣಕಾಸು ಮುಖ್ಯಸ್ಥನಾಗಿದ್ದೆ. 2022ರಲ್ಲಿ ನಿವೃತ್ತನಾದ ಮೇಲೆ ಮಕ್ಕಳ ವಸತಿ ನಿಲಯ ನಡೆಸುವ ಟ್ರಸ್ಟೊಂದರ ಹೊಣೆ ಹೊತ್ತಿದ್ದೇನೆ. ಬ್ಯಾಂಕು, ಕಂಪನಿಗಳಿಂದ ನಿವೃತ್ತರಾಗುತ್ತಿರುವ ಗೆಳೆಯರು ಆಗಾಗ ಫೋನು ಮಾಡುತ್ತಾರೆ: 'ನಾವೂ ಇಂಥಾ ಕೆಲಸಕ್ಕ ಬರಬೇಕಂತ ಅದೀವ್ರಿ. ಏನೇನು ಗೊತ್ತಿರಬೇಕು?' ಅವರಿಗೆ ಮೊದಲು ಒಂದು ಉದ್ರಿ ಪುಸ್ತಕದ ವಿಷಯ ಹೇಳುತ್ತೇನೆ.

ನಮ್ಮ ನಿಲಯದಲ್ಲಿ ಇರುವವರು ಕಬ್ಬು ಕಡಿಯಲು ಗುಳೆ ಹೋಗುವವರ ಮಕ್ಕಳು. ದೀಪಾವಳಿ ಹೊತ್ತಿಗೆ ವಿಜಯಪುರ ಜಿಲ್ಲೆಯ ಹಳ್ಳಿ, ತಾಂಡಾಗಳಿಂದ ಗ್ಯಾಂಗುಗಳು ಹೊರಡುತ್ತವೆ. ತಿರುಗಿ ಬರುವುದು ಹಂಗಾಮು ಮುಗಿದ ಮೇಲೆ. ಕಾರ್ಖಾನೆಯಲ್ಲಿದ್ದಾಗ ಇವರೆಲ್ಲ ನನಗೆ 'ಕಟಾವು ಮುಂಗಡ' ಎಂಬ ಒಂದು ಖಾತೆಯಾಗಿದ್ದರು. ಮುಕದ್ದಮನ, ಅಂದರೆ ಗ್ಯಾಂಗಿನ ಮುಖಂಡನ, ಹೆಸರು, ಕೊಟ್ಟದ್ದು, ವಸೂಲಾದದ್ದು, ಬಾಕಿ. ಆ ಬಾಕಿಯ ಹಿಂದೆ ಶಾಲೆ ಬಿಟ್ಟು ಹೊಲದ ಬದುವಿನಲ್ಲಿ ತಮ್ಮನನ್ನು ಆಡಿಸುತ್ತ ಕೂತ ಹುಡುಗಿ ಇದ್ದಾಳೆಂದು ಕೀರ್ದಿಯಲ್ಲಿ ಬರೆದಿರುವುದಿಲ್ಲ.

ನಾನು ಹೊಣೆ ಹೊತ್ತ ಮೊದಲ ಜನವರಿಯಲ್ಲಿ ನಿಲಯದ ಉಗ್ರಾಣದಲ್ಲಿ ಕೂತು ದಾಸ್ತಾನು ತಾಳೆ ನೋಡುತ್ತಿದ್ದೆ. ಜೋಳದ ಚೀಲ, ತೊಗರಿ ಬೇಳೆ, ಎಣ್ಣೆ ಡಬ್ಬಿ ಎಲ್ಲ ಸರಿಯಾಗಿತ್ತು, ಖರೀದಿಯ ರಸೀದಿ ಮಾತ್ರ ಇರಲಿಲ್ಲ. ವಾರ್ಡನ್ ಅಕ್ಕಾರನ್ನು ಕೇಳಿದೆ. ಅವರು ಟ್ರಂಕಿನಿಂದ ಕೆಂಪು ರಟ್ಟಿನ ಸಣ್ಣ ಪುಸ್ತಕ ತೆಗೆದರು. 'ಉದ್ರಿ ತಂದೀವ್ರಿ ಸಾಹೇಬ್ರ. ಅಂಗಡಿಯವರು ಮಾರ್ಚ್‌ನ್ಯಾಗ ಕೊಡ್ರಿ ಅಂದಾರ. ವರ್ಷಾ ಹಿಂಗ ಐತ್ರಿ.' ಅಕ್ಟೋಬರಿನಿಂದ ಕೂಡಿದ ಬಾಕಿ 1,84,000 ರೂಪಾಯಿ. ನಡುನಡುವೆ ಪೆನ್ಸಿಲ್ಲಿನ ಸಣ್ಣ ಗೆರೆಗಳಿದ್ದವು. ಅಂಗಡಿಯವರನ್ನು ಮತ್ತೆ ಮತ್ತೆ ಕೇಳಲು ಸಂಕೋಚವಾದಾಗ ಅಕ್ಕಾರು ತಮ್ಮ ಪಗಾರದಿಂದ ಕಾಯಿಪಲ್ಲೆ ತಂದ ದಿನಗಳು ಅವು.

ಟ್ರಸ್ಟಿನ ಹಿಂದಿನ ಐದು ವರ್ಷದ ಆಡಿಟ್ ವರದಿ ಓದಿಯೇ ನಾನು ಈ ಕೆಲಸಕ್ಕೆ ಒಪ್ಪಿದ್ದೆ. ಅದರಲ್ಲಿ ಇದ್ಯಾವುದೂ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಮಾರ್ಚ್ 31ಕ್ಕೆ ಬಾಕಿಯೆಲ್ಲ ತೀರಿ, ಬ್ಯಾಂಕಿನಲ್ಲಿ ಒಳ್ಳೆಯ ಮೊತ್ತ ಇರುತ್ತಿತ್ತು.

ಕಾರಣ ಸರಳ. ನಮ್ಮ ವೆಚ್ಚದ ಬಹುಪಾಲು, ಸಾಮಾಜಿಕ ಹೊಣೆಗಾರಿಕೆಗೆಂದು ಕಂಪನಿಗಳು ಕಾನೂನಿನಂತೆ ಖರ್ಚು ಮಾಡಬೇಕಾದ ಸಿಎಸ್‌ಆರ್ ಹಣ. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಬೇಕು. ಕಂಪನಿಯ ವರ್ಷ ಮಾರ್ಚಿಗೆ ಮುಗಿಯುವುದರಿಂದ ಫೆಬ್ರವರಿಯಲ್ಲಿ ಕಡತಗಳು ಓಡತೊಡಗುತ್ತವೆ, ಮಾರ್ಚಿನಲ್ಲಿ ಹಣ ಬರುತ್ತದೆ. ಮಕ್ಕಳಿಗೆ ಊಟ ಬೇಕಾದದ್ದು ನವೆಂಬರಿನಲ್ಲಿ. ಹಣ ಸರಿಯಾಗಿ ಬಳಕೆಯಾಗಿದೆ ಎಂದು ಸಿಎಸ್‌ಆರ್ ನಿಯಮಗಳ 2021ರ ತಿದ್ದುಪಡಿಯ ಪ್ರಕಾರ ಕಂಪನಿಯ ಹಣಕಾಸು ಮುಖ್ಯಸ್ಥರೇ ಪ್ರಮಾಣೀಕರಿಸಬೇಕು. ಕಾರ್ಖಾನೆಯಲ್ಲಿ ಆ ಕಾಗದಕ್ಕೆ ನಾನೂ ಸಹಿ ಹಾಕಿದ್ದೇನೆ. ಎಷ್ಟು ಕೊಟ್ಟೆವು, ಯಾತಕ್ಕೆ ಕೊಟ್ಟೆವು ಎಂದು ನೋಡಿದೆ. ಯಾವ ತಿಂಗಳಿಗೆ ಬೇಕಿತ್ತು ಎಂದು ಕೇಳಲಿಲ್ಲ. ಅದು ನನ್ನ ತಪ್ಪು.

ಸಕ್ಕರೆಯ ಲೆಕ್ಕ ನೋಡಿದವರಿಗೆ ಇದು ಹೊಸ ರೋಗವೇನಲ್ಲ. ಕಬ್ಬು ನಾಲ್ಕೈದು ತಿಂಗಳಲ್ಲಿ ಬಂದು ಬೀಳುತ್ತದೆ, ಸಕ್ಕರೆ ವರ್ಷವಿಡೀ ಮಾರಾಟವಾಗುತ್ತದೆ. ರೈತರ ಬಿಲ್ಲು ಮಾತ್ರ ಕೇಂದ್ರದ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದಲ್ಲಿ ಕೊಡಬೇಕು, ತಡವಾದರೆ ಶೇ. 15 ಬಡ್ಡಿ. ನಡುವಿನ ಕೊರತೆಗೆ ಸಕ್ಕರೆ ದಾಸ್ತಾನು ಅಡವಿಟ್ಟು ಬ್ಯಾಂಕಿನಿಂದ ಸಾಲ ತರುತ್ತೇವೆ. ಮಕ್ಕಳ ಊಟವನ್ನು ಅಡವು ಹಿಡಿಯುವ ಬ್ಯಾಂಕಿಲ್ಲ. ಹಾಗಾಗಿ ನಮ್ಮ ಟ್ರಸ್ಟಿನ ದುಡಿಯುವ ಬಂಡವಾಳವನ್ನು, ಅಂದರೆ ದಿನದ ಖರ್ಚು ನಡೆಸುವ ಹಣವನ್ನು, ಇಷ್ಟು ವರ್ಷ ಒದಗಿಸಿದವರು ಒಬ್ಬ ಕಿರಾಣಿ ಅಂಗಡಿಯವರು ಮತ್ತು ಪಗಾರ ಕಡಿಮೆಯಿರುವ ಒಬ್ಬ ವಾರ್ಡನ್.

ದಾನದ ಕೆಲಸಕ್ಕೆ ಬರುವ ಹಣಕಾಸಿನವರು ಖರ್ಚು ಕಡಿತಕ್ಕೆ ಕೈ ಹಾಕುವ ಮುಂಚೆ ಹಣದ ವೇಳೆಯನ್ನು ಸರಿಪಡಿಸಬೇಕು. ದಾರಿ ಕಾನೂನಿನಲ್ಲೇ ಇದೆ. ಕಂಪನಿಯ ನಿರ್ದೇಶಕ ಮಂಡಳಿ ನಮ್ಮ ಕೆಲಸವನ್ನು 'ಮುಂದುವರಿಯುವ ಯೋಜನೆ' ಎಂದು ಒಪ್ಪಿದರೆ ಆರಂಭದ ವರ್ಷ ಬಿಟ್ಟು 3 ವರ್ಷದವರೆಗೆ ಕಂತಿನಲ್ಲಿ ಹಣ ಕೊಡಬಹುದು. ವರ್ಷದಲ್ಲಿ ಉಳಿದದ್ದನ್ನು ಕಂಪನಿ ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಿದರಾಯಿತು, ಮಾರ್ಚಿನಲ್ಲಿ ಒಮ್ಮೆಲೇ ಸುರಿಯಬೇಕಿಲ್ಲ. ಇದನ್ನು ಕಂಪನಿಯವರಿಗೆ ಅವರದೇ ಮಾತಿನಲ್ಲಿ ಹೇಳಬಲ್ಲವರು ನಾವು.

ಶೇ. 5ರ ಆಡಳಿತ ವೆಚ್ಚದ ಮಿತಿಯೂ ಹೀಗೆಯೇ ತಪ್ಪಾಗಿ ಬಳಕೆಯಾಗುತ್ತಿದೆ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆ ನಡೆಸುವ ವಾರ್ಡನ್, ಅಡುಗೆಯವರ ಪಗಾರ ಯೋಜನೆಯ ವೆಚ್ಚವೇ. ಇದು ಗೊತ್ತಿಲ್ಲದೆ ಎಷ್ಟೋ ಟ್ರಸ್ಟುಗಳು ಪಗಾರ ಇಳಿಸಿ ಒಳ್ಳೆಯ ಕೆಲಸಗಾರರನ್ನು ಕಳೆದುಕೊಂಡಿವೆ. ಇದಕ್ಕಿಂತ ದುಬಾರಿಯಾದ ಉಳಿತಾಯವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ.

ಆದರೂ ಕಂಪನಿಯ ಹಣದ ಮೇಲೇ ನಿಂತರೆ ಆಗದು. ನಮ್ಮ ಭಾಗದ ಹಿರಿಯರು ಇದನ್ನು ಬಲ್ಲವರಾಗಿದ್ದರು. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು 1910ರಲ್ಲಿ ಶಿಕ್ಷಣಕ್ಕೆಂದು ಬಿಎಲ್‌ಡಿಇ ಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ವರ್ಷಾ ವರ್ಷಾ ಹುಟ್ಟುವಳಿ ಕೊಡುವ ಮೂಲಧನ ಇಲ್ಲದ ಸಂಸ್ಥೆ ಬೇರೆಯವರ ಕ್ಯಾಲೆಂಡರಿಗೆ ಕಾಯುತ್ತಾ ಕೂರಬೇಕಾಗುತ್ತದೆ.

ಇಲ್ಲಿ ಎಚ್ಚರ ಬೇಕು. ಸಿಎಸ್‌ಆರ್ ಹಣವನ್ನು ಈ ಮೂಲಧನಕ್ಕೆ, ಅಂದರೆ ಮೂಲನಿಧಿಗೆ, ಹಾಕುವಂತಿಲ್ಲ. ಟ್ರಸ್ಟಿನ ಆದಾಯ ತೆರಿಗೆ ವಿನಾಯಿತಿ ಉಳಿಯಬೇಕಾದರೆ ಆದಾಯದ ಶೇ. 85ನ್ನು ಉದ್ದೇಶಕ್ಕೆ ಬಳಸಬೇಕು, ಶೇ. 15 ಉಳಿಸಿಕೊಳ್ಳಬಹುದು. ಮೂಲನಿಧಿಗೆಂದೇ ಕೊಡುವ ದಾನಿ ಹಾಗೆಂದು ಬರೆದುಕೊಡಬೇಕು. ಬರೀ ಬಾಯಿಮಾತಾದರೆ ಅದನ್ನು ಆ ವರ್ಷದ ಆದಾಯವೆಂದೇ ಎಣಿಸಬಹುದು. ಹಾಗಾಗಿ ನಮ್ಮ ರಸೀದಿ ಪುಸ್ತಕದ ಜೊತೆಗೆ ಈಗ ನಾಲ್ಕು ಸಾಲಿನ ಒಂದು ಪತ್ರದ ನಮೂನೆ ಇಟ್ಟಿದ್ದೇವೆ. ಮೊದಲ ಪತ್ರಕ್ಕೆ ಸಹಿ ಹಾಕಿದವರು ಉದ್ರಿ ಕೊಡುತ್ತಿದ್ದ ಅದೇ ಅಂಗಡಿಯವರು.

ಒಂದು ಕಂಪನಿ ಕಂತಿನ ಒಪ್ಪಂದಕ್ಕೆ ಒಪ್ಪಿದೆ, ಕಳೆದ ಸೆಪ್ಟೆಂಬರಿನಲ್ಲಿ ಮೊದಲ ಕಂತು ಬಂತು. ಇನ್ನೊಂದರ ಕರಡು ಅವರ ಮಂಡಳಿಯ ಮುಂದಿದೆ. ಅಕ್ಕಾರ ಕೆಂಪು ಪುಸ್ತಕ ಇನ್ನೂ ಟ್ರಂಕಿನಲ್ಲೇ ಇದೆ. ಪ್ರತಿ ತಿಂಗಳ ಐದನೇ ತಾರೀಖು ಅದನ್ನು ನನ್ನ ಮೇಜಿನ ಮೇಲೆ ಇಡಲು ಹೇಳಿದ್ದೇನೆ.