ರೈಲು ಕಳೆದುಕೊಂಡ ಮುನ್ನಾರ್: ಹಳೆ ಹಳಿಯ ಜಾಡಿನಲ್ಲಿ ಊರು ನೋಡಲು ಒಂದು ಟಿಪ್ಪಣಿ

ಮುನ್ನಾರ್‌ನಲ್ಲಿ ನೋಡುವ ಜಾಗಗಳ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆತುಹೋಗುತ್ತದೆ. ಅದರ ಬದಲು ಒಂದು ಪ್ರಶ್ನೆ ಹಾಕಿಕೊಳ್ಳಿ. ಮಾಟ್ಟುಪೆಟ್ಟಿ, ಕುಂಡಲ, ಟಾಪ್ ಸ್ಟೇಷನ್ ಯಾಕೆ ಒಂದೇ ದಿಕ್ಕಿನಲ್ಲಿ ಸಾಲಾಗಿವೆ? ಆ ಕಣಿವೆಯಲ್ಲಿ ಒಂದು ಕಾಲಕ್ಕೆ ರೈಲು ಓಡುತ್ತಿತ್ತು. ಅದಕ್ಕೇ ಇಲ್ಲಿ ಮೊದಲು ರೈಲು, ಆಮೇಲೆ ಸುತ್ತಾಟ.

ಚಹಾ ಇಳಿಸಲು ಬಂದ ಹಳಿ

1877ರಲ್ಲಿ ಜೆ.ಡಿ. ಮನ್ರೋ ಎಂಬ ಬ್ರಿಟಿಷ್ ಅಧಿಕಾರಿ ಪೂಂಜಾರ್ ರಾಜಮನೆತನದಿಂದ ಈ ಬೆಟ್ಟಗಳನ್ನು ಗುತ್ತಿಗೆಗೆ ಪಡೆದ. 1880ರಲ್ಲಿ ಎ.ಎಚ್. ಶಾರ್ಪ್ ಇಲ್ಲಿ ಚಹಾ ಗಿಡ ನೆಟ್ಟ. 1897ರಲ್ಲಿ ಕಣ್ಣನ್ ದೇವನ್ ಹಿಲ್ಸ್ ಪ್ರೊಡ್ಯೂಸ್ ಕಂಪನಿ ಶುರುವಾಯಿತು. ಗಿಡ ಚೆನ್ನಾಗಿ ಬಂತು. ತಲೆನೋವು ಇದ್ದದ್ದು ಚಹಾ ಪೆಟ್ಟಿಗೆಗಳನ್ನು ಬಂದರಿಗೆ ಮುಟ್ಟಿಸುವುದರಲ್ಲಿ. ಪೂರ್ವಕ್ಕೆ ಬೆಟ್ಟ ಒಮ್ಮೆಲೇ ಮುಗಿದು ತಮಿಳುನಾಡಿನ ಬಯಲಿಗೆ ಜಾರುತ್ತದೆ. ದಾರಿ ಹತ್ತಿರ, ಆದರೆ ಇಳಿಜಾರು ಕಡಿದು.

1902ರಲ್ಲಿ ಕುಂಡಲ ಕಣಿವೆಯಲ್ಲಿ ಹಾಕಿದ್ದು ಮಾಮೂಲಿ ರೈಲಲ್ಲ, ಒಂದೇ ಹಳಿಯ ಮೋನೋರೈಲು. ಇದಕ್ಕೆ ಯೂಯಿಂಗ್ ವ್ಯವಸ್ಥೆ ಅಂತಾರೆ. ನೆಲದ ಮೇಲೆ ಒಂದು ಹಳಿ. ಅದರ ಮೇಲೆ ಗಾಡಿಯ ಸಣ್ಣ ಚಕ್ರಗಳು, ಪಕ್ಕದ ಮಣ್ಣುರಸ್ತೆಯ ಮೇಲೆ ಒಂದು ದೊಡ್ಡ ಚಕ್ರ. ಸೈಡ್‌ಕಾರ್ ಇರುವ ಸ್ಕೂಟರ್ ನೆನಪಿಸಿಕೊಳ್ಳಿ, ಅರ್ಥವಾಗುತ್ತದೆ. ಭಾರ ಬಹುಪಾಲು ಹಳಿಯ ಮೇಲೆ ಬೀಳುತ್ತದೆ. ದೊಡ್ಡ ಚಕ್ರ ಗಾಡಿ ಮಗುಚದಂತೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಎಳೆಯುವುದಕ್ಕೆ ಎತ್ತುಗಳು. ಪಟಿಯಾಲ ಸಂಸ್ಥಾನದ ಹೆಸರಾಂತ ಮೋನೋರೈಲು ಇದೇ ಬಗೆಯದು, ಆದರೆ ಅದು ಬಂದದ್ದು 1907ರಲ್ಲಿ. ಮುನ್ನಾರ್‌ನ ಬಂಡಿಗಳು ಈಗ ಇಲ್ಲ. ಅಂಥದ್ದು ಹೇಗಿತ್ತು ಅಂತ ಕಣ್ಣಾರೆ ನೋಡಬೇಕಾದರೆ ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂಗೆ ಹೋಗಿ ಪಟಿಯಾಲದ್ದನ್ನು ನೋಡಬೇಕು.

1908ರಲ್ಲಿ ಒಂಟಿ ಹಳಿ ಕಿತ್ತು, ಎರಡು ಅಡಿ ಅಗಲದ ನ್ಯಾರೋಗೇಜ್ ಹಾಕಿದರು. ಎತ್ತಿನ ಜಾಗಕ್ಕೆ ಪುಟ್ಟ ಉಗಿ ಎಂಜಿನ್ ಬಂತು. ಹಳಿ ಟಾಪ್ ಸ್ಟೇಷನ್‌ನಲ್ಲಿ ಮುಗಿಯುತ್ತಿತ್ತು. ಅಲ್ಲಿಂದ ಪೆಟ್ಟಿಗೆಗಳು ರೋಪ್‌ವೇನಲ್ಲಿ ನೇತಾಡುತ್ತಾ ಕೆಳಗಿನ ಕೊಟ್ಟಗುಡಿಗೆ ಇಳಿಯುತ್ತಿದ್ದವು. ಮಧ್ಯದ ತಾಣ ಸೆಂಟ್ರಲ್ ಸ್ಟೇಷನ್, ತಳದ್ದು ಬಾಟಮ್ ಸ್ಟೇಷನ್. ಆಮೇಲೆ ಬಂಡಿಯಲ್ಲಿ ಬೋಡಿನಾಯಕನೂರು. ಟಾಪ್ ಸ್ಟೇಷನ್ ಅಂದರೆ ವ್ಯೂಪಾಯಿಂಟ್‌ಗೆ ಯಾರೋ ಇಟ್ಟ ಚಂದದ ಹೆಸರು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ನಿಜಕ್ಕೂ ಸ್ಟೇಷನ್ನೇ ಆಗಿತ್ತು.

1924ರ ಜುಲೈನಲ್ಲಿ ಮಹಾಪ್ರವಾಹ ಬಂತು. ಮಲಯಾಳಂ ಪಂಚಾಂಗದ 1099ನೇ ವರ್ಷ ಅದು, ಹಾಗಾಗಿ ಕೇರಳದಲ್ಲಿ ಇವತ್ತಿಗೂ ಅದನ್ನು ‘99ರ ಪ್ರವಾಹ’ ಎನ್ನುತ್ತಾರೆ. ಮುದಿರಪುಳ, ನಲ್ಲತಣ್ಣಿ, ಕುಂಡಲ ಎಂಬ ಮೂರು ಹೊಳೆಗಳು ಸೇರುವ ಊರು ಇದು. ಹಳಿ, ಸೇತುವೆ, ಎಲ್ಲ ಕೊಚ್ಚಿಕೊಂಡು ಹೋದವು. ರೈಲನ್ನು ಮತ್ತೆ ಕಟ್ಟಲಿಲ್ಲ. ಕೆಳಗಿನ ಬೋಡಿನಾಯಕನೂರಿಗೆ ರೈಲು ಬಂದದ್ದು 1928ರಲ್ಲಿ. ಆ ಹೊತ್ತಿಗೆ ಮೇಲಿನ ರೈಲು ಹೋಗಿ ನಾಲ್ಕು ವರ್ಷವಾಗಿತ್ತು! ಪಶ್ಚಿಮದ ಕಡೆ 1935ರಲ್ಲಿ ನೇರ್ಯಮಂಗಲಂ ಸೇತುವೆಯಾದ ಮೇಲೆ ಮುನ್ನಾರ್ ಪೂರಾ ರಸ್ತೆಯ ಊರಾಯಿತು.

ಊರೊಳಗೆ ಉಳಿದಿರುವುದು

ಹೆಚ್ಚೇನೂ ಇಲ್ಲ, ನಿಜ. ಹಳೆ ರೈಲು ನಿಲ್ದಾಣದ ಕಟ್ಟಡ ಈಗ ಚಹಾ ಕಂಪನಿಯ ಕಚೇರಿ. ಅಲ್ಯೂಮಿನಿಯಂ ಸೇತುವೆಯ ಹತ್ತಿರದ ರಸ್ತೆ ಮೊದಲು ಹಳಿಯ ದಾರಿ. ನಲ್ಲತಣ್ಣಿ ಎಸ್ಟೇಟ್‌ನ ಚಹಾ ಮ್ಯೂಸಿಯಂನಲ್ಲಿ ಆ ರೈಲು ಎಂಜಿನ್ನಿನ ಒಂದು ಚಕ್ರ ಇಟ್ಟಿದ್ದಾರೆ. ಎಲ್ಲರೂ ಚಹಾ ರುಚಿ ನೋಡಲು ಮುಂದೆ ನುಗ್ಗುವಾಗ ನೀವು ಚಕ್ರದ ಹತ್ತಿರ ನಿಲ್ಲಿ, ಜನ ಇರುವುದಿಲ್ಲ. 1913ರ ಗ್ರಾನೈಟ್ ಸೂರ್ಯಗಡಿಯಾರವೂ ಅಲ್ಲಿದೆ. ಸೋಮವಾರ ರಜೆ. ಗುಡ್ಡದ ಮೇಲಿನ ಸಿಎಸ್‌ಐ ಚರ್ಚು 1910ರ ಸುಮಾರಿನದು. ಅದರ ಸ್ಮಶಾನ ಚರ್ಚಿಗಿಂತ ಹಳೆಯದು.

ಟಾಪ್ ಸ್ಟೇಷನ್ ರಸ್ತೆ

ಊರಿಂದ ಸುಮಾರು 32 ಕಿಲೋಮೀಟರ್. ಮೊದಲು ಮಾಟ್ಟುಪೆಟ್ಟಿ, ಆಮೇಲೆ ಕುಂಡಲ. ಎರಡೂ ಕಡೆ ಅಣೆಕಟ್ಟು, ಬೋಟಿಂಗ್. ಒಂದನ್ನು ನೆನಪಿಡಿ: ರೈಲಿನ ಕಾಲಕ್ಕೆ ಈ ಕೆರೆಗಳು ಇರಲೇ ಇಲ್ಲ. ಇವು ಕೇರಳದ ಮೊದಲ ಜಲವಿದ್ಯುತ್ ಯೋಜನೆಯಾದ ಪಳ್ಳಿವಾಸಲ್‌ಗೆ ನೀರು ಕೂಡಿಡಲು ಆಮೇಲೆ ಕಟ್ಟಿದವು. ನಡುವೆ ಸಿಗುವ ಎಕೋ ಪಾಯಿಂಟ್ ಬಿಟ್ಟರೂ ನಷ್ಟವಿಲ್ಲ. ಅಲ್ಲಿ ಪ್ರತಿಧ್ವನಿಗಿಂತ ಹಾರ್ನ್ ಶಬ್ದವೇ ಜಾಸ್ತಿ. ಮಾಟ್ಟುಪೆಟ್ಟಿ ಹುಲ್ಲುಗಾವಲಿಗೆ ಕಾಡಾನೆ ಬರುತ್ತವೆ. ಕಂಡರೆ ಗಾಡಿಯಿಂದ ಇಳಿಯಬೇಡಿ.

ಟಾಪ್ ಸ್ಟೇಷನ್‌ಗೆ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಮಂಜು ಏರಿಬಿಟ್ಟರೆ ಬರೀ ಬಿಳಿ ಗೋಡೆ. ಮಂಜಿಲ್ಲದಿದ್ದರೆ ಥೇಣಿ ಜಿಲ್ಲೆಯ ಬಯಲು ಕಾಲ ಕೆಳಗೇ ಕಾಣುತ್ತದೆ. ಅಷ್ಟು ಆಳಕ್ಕೆ ತಂತಿ ಎಳೆದು ಪೆಟ್ಟಿಗೆ ಇಳಿಸುತ್ತಿದ್ದರು ಅನ್ನುವುದು ಅಲ್ಲಿ ನಿಂತಾಗಲೇ ತಲೆಗೆ ಹೋಗುವುದು. ಹತ್ತಿರದಲ್ಲೇ ಪಾಂಬಾಡುಂ ಶೋಲಾ ಇದೆ. ಒಂದು ಚದರ ಕಿಲೋಮೀಟರ್‌ಗಿಂತ ಸ್ವಲ್ಪವೇ ದೊಡ್ಡದು, ಆದರೂ ರಾಷ್ಟ್ರೀಯ ಉದ್ಯಾನ.

ನಡೆಯುವವರಿಗೆ

ಹಳೆ ರೋಪ್‌ವೇ ಸಾಲನ್ನು ನಡೆದು ನೋಡಬೇಕು ಅಂತ ಆಸೆಪಡುವವರಿಗೆ ಟಾಪ್ ಸ್ಟೇಷನ್, ಸೆಂಟ್ರಲ್ ಸ್ಟೇಷನ್, ಕುರಂಗಣಿ ದಾರಿ ಇದೆ. ಆದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. 2018ರ ಮಾರ್ಚ್‌ನಲ್ಲಿ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅದು ಒಣಹುಲ್ಲಿನ ಕಾಲ. ಗಾಳಿ ತಿರುಗಿದರೆ ಇಳಿಜಾರಿನಲ್ಲಿ ಬೆಂಕಿಗಿಂತ ವೇಗವಾಗಿ ಓಡಲು ಆಗುವುದಿಲ್ಲ.

ದೊಡ್ಡ ಚಾರಣ ಬೇಕಾದರೆ 2,640 ಮೀಟರ್ ಎತ್ತರದ ಮೀಶಪುಲಿಮಲ ಇದೆ. ಕೇರಳ ಅರಣ್ಯ ಅಭಿವೃದ್ಧಿ ನಿಗಮದ ಮೂಲಕ ಮೊದಲೇ ಬುಕ್ ಮಾಡಬೇಕು. ನಡೆಯಲು ಆಗದವರು ಸೂರ್ಯನೆಲ್ಲಿಯಿಂದ ಜೀಪಿನಲ್ಲಿ ಕೊಳುಕ್ಕುಮಲೈ ಚಹಾ ತೋಟಕ್ಕೆ ಹೋಗಬಹುದು. ಬೆನ್ನುನೋವು ಇರುವವರು ಎರಡು ಸಲ ಯೋಚಿಸಿ.

ಎರವಿಕುಲಂ

1978ರಲ್ಲಿ ರಾಷ್ಟ್ರೀಯ ಉದ್ಯಾನವಾದ 97 ಚದರ ಕಿಲೋಮೀಟರ್ ಹುಲ್ಲುಬೆಟ್ಟ. ದಕ್ಷಿಣ ಭಾರತದಲ್ಲೇ ಎತ್ತರದ ಆನಮುಡಿ, 2,695 ಮೀಟರ್, ಇದರೊಳಗೇ ಇದೆ. ಪ್ರವಾಸಿಗರಿಗೆ ತೆರೆದಿರುವುದು ರಾಜಮಲ ಭಾಗ ಮಾತ್ರ. ಇಲಾಖೆಯ ಬಸ್ಸಿನಲ್ಲಿ ಮೇಲೆ ಹೋಗಿ, ಟಾರು ದಾರಿಯಲ್ಲಿ ಸ್ವಲ್ಪ ನಡೆಯಬೇಕು. ನೀಲಗಿರಿ ತಾರ್ ಎಂಬ ಕಾಡುಮೇಕೆ ರಸ್ತೆ ಪಕ್ಕದಲ್ಲೇ ಮೇಯುತ್ತಾ ಸಿಗಬಹುದು. ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಮರಿ ಹಾಕುವ ಕಾಲ ಅಂತ ಬಾಗಿಲು ಹಾಕಿರುತ್ತಾರೆ. ತುಂಬಾ ಜನ ಎಡವುವುದು ಇಲ್ಲೇ. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳುತ್ತದೆ. ಇಲ್ಲಿ 2006, 2018 ಆಯಿತು, ಲೆಕ್ಕದ ಪ್ರಕಾರ ಮುಂದಿನದು 2030.

ಮಳೆಗಾಲದಲ್ಲಿ ಈ ಬೆಟ್ಟಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2020ರ ಆಗಸ್ಟ್‌ನಲ್ಲಿ ರಾಜಮಲದ ಹತ್ತಿರದ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು ಚಹಾ ಕಾರ್ಮಿಕರ ಮನೆಸಾಲುಗಳೇ ಮುಚ್ಚಿಹೋದವು. ಡಿಸೆಂಬರ್, ಜನವರಿ ವಾಸಿ. ಕೆಲವು ತೋಟಗಳಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡಿ.

ಬೆಂಗಳೂರಿಂದ ಕಾರಿನಲ್ಲಿ ಹೋಗುವವರು ಉಡುಮಲೈಪೇಟೆ, ಚಿನ್ನಾರ್, ಮರಯೂರು ದಾರಿ ಹಿಡಿದರೆ ಒಂದು ಪಾಠ ಪುಕ್ಕಟೆ ಸಿಗುತ್ತದೆ. ಚಿನ್ನಾರ್ ಮಳೆನೆರಳಿನ ಒಣಕಾಡು, ಮರಯೂರಿನಲ್ಲಿ ಶ್ರೀಗಂಧದ ಕಾಡು, ಕಬ್ಬಿನ ಗದ್ದೆ, ಬೃಹತ್ ಶಿಲಾ ಸಂಸ್ಕೃತಿಯ ಕಲ್ಲುಗೋರಿಗಳು. ಅಲ್ಲಿಂದ ಮೇಲೇರುತ್ತಾ ಹೋದಂತೆ ಚಹಾದ ಹಸಿರು ಶುರು. ದಾರಿಯಲ್ಲಿ ಮರಯೂರು ಬೆಲ್ಲ ಕೊಳ್ಳಿ, ಅದಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ.