ಎರರ್ ಕಡಿಮೆ ಇದ್ದರೆ ಒಳ್ಳೆಯ ಫೀಲ್ಡರ್ ಅಂತಾನಾ?

ಪ್ರಶ್ನೆ: ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಲೆಕ್ಕ ನೋಡಿದರೆ ಆಟಗಾರ ಹೇಗೆ ಅಂತ ಗೊತ್ತಾಗುತ್ತದೆ. ಫೀಲ್ಡಿಂಗ್ ಲೆಕ್ಕವನ್ನೂ ಹಾಗೇ ನಂಬಬಹುದಾ?

ಉತ್ತರ: ಮೂರು ವರ್ಷದ ಲೆಕ್ಕ ಒಟ್ಟಿಗೆ ಇದ್ದರೆ ಬಹುಮಟ್ಟಿಗೆ ನಂಬಿ. ಒಂದೇ ಸೀಸನ್ನಿನದಾದರೆ ಸ್ವಲ್ಪ ತಡೆಯಿರಿ. ಫೀಲ್ಡಿಂಗ್ ಪರ್ಸೆಂಟೇಜ್ ಒಂದೇ ಇದ್ದರೆ ಪಕ್ಕಕ್ಕಿಡಿ.

ಯಾಕೆ ಅಂದರೆ, ಆ ಪರ್ಸೆಂಟೇಜ್ ಕೈಗೆ ಬಂದ ಚೆಂಡುಗಳಲ್ಲಿ ಎಷ್ಟನ್ನು ತಪ್ಪಿಲ್ಲದೆ ಆಡಿದ ಅನ್ನೋ ಲೆಕ್ಕ ಮಾತ್ರ. ನಮ್ಮ ಕ್ರಿಕೆಟ್‌ನಲ್ಲೂ ಓಡಿ ಹಾರಿ ಬೆರಳಿಗೆ ತಾಗಿಸಿಕೊಂಡವನೇ 'ಕ್ಯಾಚ್ ಬಿಟ್ಟ' ಅಂತ ಬೈಸಿಕೊಳ್ಳುತ್ತಾನೆ. ನಿಂತಲ್ಲೇ ನಿಂತು ನೋಡಿದವನಿಗೆ ಏನೂ ಇಲ್ಲ, ಅಲ್ವಾ? ಅಲ್ಲೂ ಅದೇ ಕಥೆ. ಚೆಂಡು ಗ್ಲೋವ್‌ಗೆ ತಾಗಿ ಜಾರಿದರೆ ಸ್ಕೋರರ್ ಎರರ್, ಅಂದರೆ ಫೀಲ್ಡರ್‌ನ ತಪ್ಪು, ಅಂತ ಬರೆಯಬಹುದು. ಪಕ್ಕದಲ್ಲೇ ಹಾದು ಹೋದರೆ ಅದು ಬ್ಯಾಟರ್‌ನ ಹಿಟ್.

2010ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ ತಂಡದ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಡೆರೆಕ್ ಜೀಟರ್ ಇಡೀ ಸೀಸನ್ನಲ್ಲಿ ಮಾಡಿದ್ದು ಬರೀ 6 ಎರರ್. ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಐದನೇ ಸಲ ಬಂತು. ಆದರೆ ಒಂದೊಂದು ಚೆಂಡೂ ಎಲ್ಲಿ ಹೋಯಿತು ಅಂತ ಗುರುತು ಮಾಡಿ ಲೆಕ್ಕ ಹಾಕುವವರ ಪಟ್ಟಿಯಲ್ಲಿ ಅವರು ಸರಾಸರಿಗಿಂತ ಕೆಳಗಿದ್ದರು. ಹಿಡಿದದ್ದನ್ನು ಬಿಡುತ್ತಿರಲಿಲ್ಲ, ಆದರೆ ದೂರದ ಚೆಂಡಿಗೆ ತಲುಪುತ್ತಿರಲಿಲ್ಲ.

2015ರಿಂದ ಎಲ್ಲ ಮೇಜರ್ ಲೀಗ್ (ಬೇಸ್‌ಬಾಲ್‌ನ ಅತಿ ದೊಡ್ಡ ಲೀಗ್) ಮೈದಾನಗಳಲ್ಲೂ ಚೆಂಡು, ಆಟಗಾರರ ಓಟ ಅಳೆಯುವ ಸ್ಟ್ಯಾಟ್‌ಕಾಸ್ಟ್ ವ್ಯವಸ್ಥೆ ಇದೆ. 2020ರಿಂದ ಅದರ ಕ್ಯಾಮೆರಾ ಹಾಕ್‌ಐ ಕಂಪನಿಯದು, ಹೌದು, ಎಲ್‌ಬಿಡಬ್ಲ್ಯೂಗೆ ನಾವು ನೋಡುವ ಅದೇ ಹಾಕ್‌ಐ. ಫೀಲ್ಡರ್ ಎಷ್ಟು ದೂರ ಓಡಬೇಕಿತ್ತು, ಎಷ್ಟು ಸೆಕೆಂಡ್ ಸಿಕ್ಕಿತು, ಯಾವ ಕಡೆಗೆ ಓಡಬೇಕಿತ್ತು ಅಂತ ಅಳೆದು, ಕ್ಯಾಚ್ ಆಗುವ ಸಾಧ್ಯತೆ ಹೇಳುತ್ತದೆ. ಶೇ. 25 ಸಾಧ್ಯತೆಯ ಕ್ಯಾಚ್ ಹಿಡಿದರೆ 0.75 ಜಮಾ, ಬಿಟ್ಟರೆ 0.25 ಖರ್ಚು. ಶೇ. 90ರ ಕ್ಯಾಚ್ ಹಿಡಿದರೆ ಸಿಗೋದು 0.10 ಅಷ್ಟೇ. ಬಿಟ್ಟರೆ ಮಾತ್ರ 0.90 ಹೋಯಿತು.

ಇಷ್ಟು ಚೆನ್ನಾಗಿ ಅಳೆಯುತ್ತಿರುವಾಗ ಮೂರು ವರ್ಷ ಕಾಯೋದು ಯಾಕೆ? ಸೆಂಟರ್ ಫೀಲ್ಡರ್ (ಹಿಂದಿನ ಮೈದಾನದ ಮಧ್ಯದಲ್ಲಿ ನಿಲ್ಲುವವ) ಒಬ್ಬ ಒಂದು ಸೀಸನ್ನಿನ 162 ಪಂದ್ಯಗಳಲ್ಲಿ ಮುನ್ನೂರು ಚಿಲ್ಲರೆ ಕ್ಯಾಚ್ ಹಿಡಿಯಬಹುದು. ಅದರಲ್ಲಿ ಬಹುಪಾಲು ಯಾರು ನಿಂತಿದ್ದರೂ ಹಿಡಿಯುವಂಥವು. ಇನ್ನು ಕೆಲವು ಚೆಂಡು ಯಾರ ಕೈಗೂ ಸಿಗುವಂಥವಲ್ಲ. ಒಬ್ಬನಿಗೂ ಇನ್ನೊಬ್ಬನಿಗೂ ವ್ಯತ್ಯಾಸ ತೋರಿಸೋದು ನಡುವೆ ಉಳಿಯುವ ಸ್ವಲ್ಪ ಚೆಂಡುಗಳು. ಅವುಗಳಲ್ಲಿ ನಾಲ್ಕೈದು ಅತ್ತಿತ್ತ ಆದರೂ ಸಾಕು, ಸಾಧಾರಣ ಫೀಲ್ಡರ್ ಸ್ಟಾರ್ ಆಗಿ ಕಾಣುತ್ತಾನೆ.

ಎಲ್ಲಿ ನಿಲ್ಲಬೇಕು ಅನ್ನೋದನ್ನು ಈಗ ಹೆಚ್ಚಾಗಿ ತಂಡವೇ ಹೇಳುತ್ತದೆ. ಸರಿಯಾದ ಜಾಗದಲ್ಲಿ ನಿಂತದ್ದಕ್ಕೆ ಯಾರಿಗೆ ಅಂಕ ಕೊಡಬೇಕು? ಒಂದೊಂದು ಪದ್ಧತಿ ಒಂದೊಂದು ಥರ ಹೇಳುತ್ತದೆ. ಹಾಗಾಗಿ ಒಬ್ಬನೇ ಆಟಗಾರನಿಗೆ ಎರಡು ಕಡೆ ಎರಡು ಅಂಕ ಕಂಡರೆ ಗಾಬರಿ ಬೇಡ.

'ಹಾಗಾದರೆ ಕಣ್ಣಲ್ಲಿ ನೋಡಿ ಹೇಳೋದೇ ವಾಸಿ' ಅನ್ನುವವರಿದ್ದಾರೆ. ನಾನಂತೂ ಒಪ್ಪೋದಿಲ್ಲ. 1999ರಲ್ಲಿ ಮ್ಯಾನೇಜರ್‌ಗಳು, ಕೋಚ್‌ಗಳು ಸೇರಿ ಫಸ್ಟ್ ಬೇಸ್ ಕಾಯುವ ಫೀಲ್ಡರ್‌ಗೆ ಇರುವ ಗೋಲ್ಡ್ ಗ್ಲೋವ್ ಕೊಟ್ಟಿದ್ದು ರಾಫೆಲ್ ಪಾಲ್ಮೇರೋಗೆ. ಆ ವರ್ಷ ಅವರು ಫಸ್ಟ್ ಬೇಸ್‌ನಲ್ಲಿ ಆಡಿದ್ದು 28 ಪಂದ್ಯ. ಉಳಿದದ್ದರಲ್ಲಿ ಹೆಚ್ಚಾಗಿ ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟಿಂಗ್!