ರೇಬೀಸ್ ಚುಚ್ಚುಮದ್ದು ಆಗಿದೆ; ನಾಯಿಯನ್ನು ಜರ್ಮನಿಗೆ ಕರೆದೊಯ್ಯಬಹುದೇ?

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದವರು. ಇನ್ನೆರಡು ತಿಂಗಳಿಗೆ ಮಗಳ ಸಂಸಾರ ಜರ್ಮನಿಗೆ ಹೊರಡಲಿದೆ. ಅವರ ನಾಯಿಗೆ ವರ್ಷವೂ ರೇಬೀಸ್ ಚುಚ್ಚುಮದ್ದು ಹಾಕಿಸಿದ್ದೇವೆ, ಆದರೆ ಮೈಕ್ರೋಚಿಪ್ ಹಾಕಿಸಿಲ್ಲ. ಕಾರ್ಡು ತೋರಿಸಿದರೆ ಸಾಲದೇ?

ಉತ್ತರ: ಸಾಲದು, ಎರಡು ತಿಂಗಳಲ್ಲಿ ಆಗುವ ಕೆಲಸವೂ ಇದಲ್ಲ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಮೊದಲು ಚಿಪ್, ಆಮೇಲೆ ಲಸಿಕೆ. ಚರ್ಮದಡಿ ಸೇರಿಸುವ, ಅಕ್ಕಿಕಾಳಿನಷ್ಟು ಗಾತ್ರದ ಚಿಪ್‌ನ 15 ಅಂಕಿಗಳ ಸಂಖ್ಯೆಯೇ ನಾಯಿಯ ಗುರುತಾದ್ದರಿಂದ, ಅದಕ್ಕಿಂತ ಹಿಂದೆ ಹಾಕಿಸಿದ ಲಸಿಕೆ ಯಾವ ನಾಯಿಗೆ ಬಿತ್ತೆಂಬುದಕ್ಕೆ ಆಧಾರವಿಲ್ಲವೆಂದು ಅಲ್ಲಿನವರು ಎಣಿಸುತ್ತಾರೆ. ಹೀಗಾಗಿ ಚಿಪ್ ಹಾಕಿಸಿ, ರೀಡರ್‌ನಿಂದ ಸಂಖ್ಯೆಯನ್ನು ಓದಿಸಿ, ಲಸಿಕೆಯನ್ನು ಹೊಸದಾಗಿ ಹಾಕಿಸಬೇಕು. ಲಸಿಕೆಯ ಬ್ಯಾಚ್ ಸಂಖ್ಯೆಯಿರುವ ಚೀಟಿಯನ್ನು ಕಾರ್ಡಿಗೆ ಅಂಟಿಸುತ್ತಾರಲ್ಲ, ನಮ್ಮ ಮಳೆಗಾಲದ ಥಂಡಿಗೆ ಅದು ಕಿತ್ತುಬರುವುದೂ ಶಾಯಿ ಹರಡುವುದೂ ಸಾಮಾನ್ಯ. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ.

ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಒಕ್ಕೂಟದ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಕಳಿಸಬೇಕು. ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ರೋಗನಿರೋಧಕ ಅಂಶದ, ಅಂದರೆ ಪ್ರತಿಕಾಯದ ಮಟ್ಟ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಷ್ಟು ಬಂದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕು, ಏಕೆಂದರೆ ರೇಬೀಸ್ ಹತೋಟಿಯಲ್ಲಿದೆಯೆಂದು ಒಕ್ಕೂಟ ಪಟ್ಟಿ ಮಾಡಿರುವ ದೇಶಗಳಲ್ಲಿ ಭಾರತವಿಲ್ಲ. ಪರೀಕ್ಷೆ ಪಾಸಾದ ಮೇಲೂ ಈ ಕಾಯುವಿಕೆ ಏಕೆಂದು ಅನೇಕರು ರೇಗುತ್ತಾರೆ. ರಾತ್ರಿ ತೋಟದಲ್ಲಿ ನರಿ ಕಚ್ಚಿದ್ದು ಮನೆಯವರ ಗಮನಕ್ಕೇ ಬಾರದಿರಬಹುದು. ಲಸಿಕೆಗೆ ಮೊದಲೇ ತಗುಲಿದ ಸೋಂಕು ಹೊರಬೀಳಲು ವಾರಗಳೇ ಏಕೆ, ತಿಂಗಳುಗಳೇ ಹಿಡಿಯಬಹುದು. ಆ ಅವಧಿ ಕಳೆಯಲೆಂದೇ ಈ ತಡೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ನ್ಯಾಯವಾದದ್ದೇ. ಜಪಾನ್ ಇದೇ ಕಾರಣಕ್ಕೆ 180 ದಿನ ಕಾಯಿಸುತ್ತದೆ. ಆಸ್ಟ್ರೇಲಿಯಾವಂತೂ ಭಾರತದಿಂದ ನೇರವಾಗಿ ಬರುವ ನಾಯಿಯನ್ನು ಒಳಬಿಡುವುದೇ ಇಲ್ಲ.

ಅಂದರೆ ಇವತ್ತೇ ಚಿಪ್ ಹಾಕಿಸಿದರೂ ನಾಲ್ಕು ತಿಂಗಳು ಬೇಕು. ಕೊನೆಯಲ್ಲಿ ಬೇಕಾಗುವ ಆರೋಗ್ಯ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಬೆಂಗಳೂರು ಕೇಂದ್ರದಲ್ಲಿ ಪಡೆಯಬೇಕು. ಅದು ಹತ್ತು ದಿನದೊಳಗಿನದಾಗಿರಬೇಕಾದ್ದರಿಂದ ಬಹಳ ಮುಂಚೆ ಮಾಡಿಸಿಟ್ಟು ಪ್ರಯೋಜನವಿಲ್ಲ.

ಮಗಳ ಸಂಸಾರ ಮೊದಲು ಹೋಗಲಿ, ನಾಯಿ ನಿಮ್ಮಲ್ಲಿರಲಿ. ಆದರೆ ಆಮೇಲೆ ಅದನ್ನೊಂದನ್ನೇ ವಿಮಾನಕ್ಕೆ ಹತ್ತಿಸುವ ಯೋಚನೆ ಬೇಡ: ಮಾಲೀಕರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರವಾದರೆ ಅದನ್ನು ವ್ಯಾಪಾರದ ಸಾಗಣೆಯೆಂದು ಪರಿಗಣಿಸಿ ಬೇರೆ, ಬಿಗಿಯಾದ ನಿಯಮ ಹಚ್ಚುತ್ತಾರೆ. ಮಗಳೋ ಅಳಿಯನೋ ಬಂದು ಜೊತೆಯಲ್ಲೇ ಕರೆದೊಯ್ಯುವುದು ಸಲೀಸು.